ಬೂದಿ ಅಳಿದ ಜಾಗ

"ಇದ್ ಈಗ ಯಾರ್ ಕಾಯಿ ಆಯ್ತ್?"

ಬಚ್ಚಲುಕೊಟ್ಟಿಗೆಯ ಹಿಂದೆ ನಿಂತು, ಹಂಚಿನ ಮಾಡಿನ ಕಡೆ ಮುಖ ಎತ್ತಿ ದಯಾವತಿ ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಗಂಡ ಜಯಶೀಲ ಬೆಳಗಿನ ಬಸ್ಸಿಗೇ ಕುಂದಾಪುರಕ್ಕೆ ಹೋಗಿದ್ದ. ಹಂಚಿನ ಮೇಲೆ ಒಂದು ಬೂದುಗುಂಬಳ, ಮೈತುಂಬ ಬೂದಿ ಬಳಿದುಕೊಂಡು, ಹೊಟ್ಟೆತುಂಬ ಹಾಲು ಕುಡಿದ ಕರುವಿನ ಹಾಗೆ ಮಲಗಿತ್ತು.

ಉತ್ತರ ಅವಳಿಗೆ ಗೊತ್ತೇ ಇತ್ತು. ಬಳ್ಳಿಯ ಬುಡ ಪಾಗಾರದ ಗೋಡೆಯ ಆಚೆ, ನೆರೆಮನೆಯ ಅಪ್ಪಿಯ ಹಿತ್ತಿಲಲ್ಲಿತ್ತು. ಬಳ್ಳಿ ತನ್ನ ಪಾಡಿಗೆ ಪಾಗಾರ ಹತ್ತಿ, ಈಚೆ ಇಳಿದು, ದಯಾವತಿಯ ಮಾಡು ಸೇರಿ ಅಲ್ಲಿ ಕಾಯಿ ಬಿಟ್ಟಿತ್ತು. ಕಾಯಿಯ ಹೊಟ್ಟೆಯ ಮೇಲೆ ಒಂದು ಸುಣ್ಣದ ಬೊಟ್ಟು. ಕಣ್ಣು ತಾಗದಿರಲಿ ಎಂದು ಅಪ್ಪಿಯೇ ಏಣಿ ಹತ್ತಿ ಇಟ್ಟದ್ದು. ಆ ದಿನ ದಯಾವತಿ ಕೆಳಗೆ ನಿಂತು, ಕಾಯುವವನು ದೇವರು, ಸುಣ್ಣವಲ್ಲ ಎಂದು ಮೆಲ್ಲನೆ ಬುದ್ಧಿ ಹೇಳಿದ್ದಳು. ಅಪ್ಪಿ ನಕ್ಕು, ದೇವರ ಕಣ್ಣಿಗೂ ಬೀಳಲಿ ಅಂತ ಬೊಟ್ಟು ಸ್ವಲ್ಪ ದೊಡ್ಡದೇ ಇಟ್ಟಿದ್ದೇನೆ ಅಂದಿದ್ದಳು.

ಈಗ ಮಾರನೆಯ ದಿನವೇ ಕ್ರೈಸ್ತ ಸಭೆಯ ಬೆಳೆಹಬ್ಬ. ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲೂ ಆ ಸಣ್ಣ ದೇವಾಲಯದಲ್ಲಿ ಅದು ಹಿಂದಿನ ಹಾಗೆಯೇ ನಡೆಯುತ್ತಿತ್ತು. ಅವರವರ ಹಿತ್ತಿಲಲ್ಲಿ ಬೆಳೆದ ಪ್ರಥಮ ಫಲವನ್ನು ತಂದು ಯಜ್ಞವೇದಿಯ ಮುಂದೆ ಇಡಬೇಕು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವುಗಳ ಏಲಂ, ಹರಾಜು. ಏಲಂ ಹೊತ್ತಿಗೆ ಊರಿನ ಎಲ್ಲ ಜಾತಿಯವರೂ ಬರುತ್ತಿದ್ದರು.

ದಯಾವತಿ ಜಾಸ್ತಿ ಮಾತಿನವಳಲ್ಲ. ಮುಸ್ಸಂಜೆ ಕೀರ್ತನೆಯನ್ನು ಬಾಯಿಪಾಠ ಒಪ್ಪಿಸದೆ ಗಂಜಿಗೆ ಕೂರಿಸದ ಅಪ್ಪನ ಮನೆಯಲ್ಲಿ ಬೆಳೆದವಳು. ದೇವಾಲಯದಲ್ಲಿ ಸಭಾಪಾಲಕರು ಪ್ರಸಂಗ ಮಾಡುವ ಹೊತ್ತಿಗೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಬೈಬಲ್ ಓದುವವರು ಒಂದು ವಚನ ತಡವರಿಸಿದರೆ ಅವಳ ತುಟಿ ಮೊದಲು ಅಲುಗುತ್ತಿತ್ತು, ಮತ್ತು ಅಲುಗಿದ್ದನ್ನು ಎಲ್ಲರೂ ಕಾಣುತ್ತಿದ್ದರು. ಹೋದ ವರ್ಷ ಸರಸ ಎಂಬ ಹೆಂಗಸು ಕುಂದಾಪುರದ ಸಂತೆಯಲ್ಲಿ ಕೊಂಡ ಸುವರ್ಣಗೆಡ್ಡೆ ತಂದಿಟ್ಟಾಗ, "ದೇವ್ರಿಗೆ ಸಂತೆ ಗೆಡ್ಡೆಯಾ ಸರಸ?" ಎಂದು ದಯಾವತಿ ಕೇಳಿದ್ದಳು. ಮೆಲ್ಲಗೇ ಕೇಳಿದ್ದು. ಆದರೆ ಅವಳು ಮೆಲ್ಲಗೆ ಆಡಿದ್ದು ಕಡೆಯ ಬೆಂಚಿನವರೆಗೂ ಮುಟ್ಟುತ್ತಿತ್ತು. ಸರಸ ಸೆರಗನ್ನು ಗೆಡ್ಡೆಯ ಮೇಲೆ ಎಳೆದುಕೊಂಡಿದ್ದಳು.

ಈ ವರ್ಷ ದಯಾವತಿಯ ಹಿತ್ತಿಲಲ್ಲಿ ಹುಲ್ಲು ಬಿಟ್ಟರೆ ಮತ್ತೇನೂ ಇಲ್ಲ. ಮಗಳ ಬಾಣಂತನಕ್ಕೆಂದು ಬೀಜ ಹಾಕುವ ಹೊತ್ತಿನಲ್ಲೆಲ್ಲ ಮಂಗಳೂರಿನಲ್ಲಿದ್ದಳು. ಬರಿಗೈಯಲ್ಲಿ ಹೋಗಬಹುದಿತ್ತು. ಸಂತೆಯಿಂದ ತರಬಹುದಿತ್ತು. ಎರಡಕ್ಕೂ ಸರಸನ ಮುಖ ಅಡ್ಡ ಬಂತು.

ಕತ್ತಿ ತಂದಳು. ತನ್ನ ಮಾಡು, ತನ್ನ ಹಂಚು, ಭಾರಕ್ಕೆ ಹಂಚು ಒಡೆದರೆ ಹಾಕಿಸಬೇಕಾದವಳೂ ತಾನೇ ಎಂದು ಏಣಿಯ ಮೇಲೆ ನಿಂತು ಹೇಳಿಕೊಂಡು ಕಾಯಿ ಕೊಯ್ದಳು. ಸುಣ್ಣದ ಬೊಟ್ಟಿಟ್ಟ ಕಾಯಿಯನ್ನು ವೇದಿಯ ಮುಂದೆ ಇಡುವುದು ಹೇಗೆ? ನಾರಿನಲ್ಲಿ ತಿಕ್ಕಿದಳು. ಸುಣ್ಣದ ಜೊತೆ ಕಾಯಿಯ ಬೂದಿಯೂ ಹೋಗಿ, ಅಂಗೈಯಗಲದ ಜಾಗ ಹಸಿರಾಗಿ ಹೊಳೆಯತೊಡಗಿತು. ಒಲೆಯ ಬೂದಿ ತಂದು ಹಚ್ಚಿ ನೋಡಿದಳು. ಅದು ಹಿಡಿಯಲಿಲ್ಲ.

ಭಾನುವಾರ ಸಭಾಪಾಲಕರು ಪ್ರಸಂಗದ ನಡುವೆ ಆ ಕಾಯಿಯ ಕಡೆ ಕೈ ತೋರಿಸಿದರು. ಮೊಮ್ಮಗುವಿನ ಆರೈಕೆಯ ನಡುವೆಯೂ ದೇವರ ಪಾಲನ್ನು ಮರೆಯದ ಮನೆ ಅಂದರು. ದಯಾವತಿ ಕಣ್ಣು ಮುಚ್ಚಿಕೊಂಡೇ ಇದ್ದಳು. ಎಲ್ಲರೂ ಅದನ್ನು ಭಕ್ತಿ ಎಂದು ತಿಳಿದರು.

ಅಂಗಳದಲ್ಲಿ ಏಲಂ ಕೂಗುತ್ತಿದ್ದವರು ಸಭೆಯ ಹಿರಿಯರಾದ ರಾಜೀವ ಮಾಸ್ತರರು. ಕುಂಬಳವನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿ, ಇದಕ್ಕೆ ಇಲ್ಲೊಂದು ಬಕ್ಕತಲೆ ಉಂಟಲ್ಲ, ನನ್ನ ತಲೆಯ ತಮ್ಮನ ಹಾಗೆ ಕಾಣುತ್ತದೆ ಅಂದರು. ಜನ ನಕ್ಕರು. ನಗೆ ಇಳಿಯುವ ಮೊದಲು ಸರಸನ ಸ್ವರ ಬಂತು.

"ದಯಕ್ಕ ಮಳ್ಗಾಲ ಇಡೀ ಮಂಗ್ಳೂರಲ್ಲಿ ಇದ್ರಲ್ದಾ? ಹಂಗಾರೆ ಬೀಜ ಹಾಕದ್ದ್ ಯಾರ್?"

ಅಷ್ಟೊಂದು ವಚನ ತುಂಬಿಕೊಂಡಿದ್ದ ದಯಾವತಿಯ ಬಾಯಿಗೆ ಒಂದು ಹೆಸರು ಹೇಳಲು ಆಗಲಿಲ್ಲ. ಆಗ ಹಲಸಿನ ಮರದ ಕೆಳಗಿನಿಂದ, ಕೈಯಲ್ಲಿ ಖಾಲಿ ಹಾಲಿನ ಕ್ಯಾನು ಹಿಡಿದಿದ್ದ ಅಪ್ಪಿ ಮಾತಾಡಿದಳು. ಸಭೆಯ ಮನೆಗಳಿಗೆಲ್ಲ ಹಾಲು ಕೊಡುವವಳು ಅವಳೇ.

"ಬೀಜ ಅವ್ರದ್ದೇ. ಹಾಕುಕೆ ನಂಗೆ ಹೇಳಿ ಹೋಯಿದ್ರ್, ನಾನ್ ಹಾಕದ್ದ್. ಎಂತ ಅದ್ರಾಗೆ?"

ಅಪ್ಪಿಯ ಕಣ್ಣು ಕಾಯಿಯ ಹಸಿರು ಜಾಗದ ಮೇಲಿತ್ತು. ಒಮ್ಮೆ ಮಾತ್ರ ಅದು ದಯಾವತಿಯ ಕಡೆ ತಿರುಗಿ ಹಿಂದೆ ಹೋಯಿತು. ಸರಸನ ಮುಖ ಕೆಂಪಾಯಿತು. ಬಂದು ದಯಾವತಿಯ ಕೈ ಹಿಡಿದು, ಬೇಜಾರು ಮಾಡಿಕೊಳ್ಳಬೇಡಿ ಅಕ್ಕ, ಹೋದ ವರ್ಷದ್ದು ಮನಸ್ಸಿನಲ್ಲಿತ್ತು, ಹಾಗೆ ಕೇಳಿಹೋಯಿತು, ಕ್ಷಮಿಸಿ ಅಂದಳು. ಕ್ಷಮಿಸಿದೆ ಎಂದು ದಯಾವತಿ ತಲೆಯಾಡಿಸಿದಳು. ಆ ತಲೆಯಾಡಿಸಿದ್ದು ಕಾಯಿ ಕೊಯ್ದದ್ದಕ್ಕಿಂತ ಹೆಚ್ಚಾಗಿ ಆಮೇಲೆ ಅವಳನ್ನು ಸುಟ್ಟಿತು. ಏಲಂನಲ್ಲಿ ಕುಂಬಳವನ್ನು ಪಟ್ಟು ಹಿಡಿದು ಕೊಂಡವಳೂ ಸರಸನೇ.

ಅಂದು ಸಂಜೆಯ ಮನೆಪ್ರಾರ್ಥನೆಯಲ್ಲಿ ದಯಾವತಿ ಹತ್ತು ಆಜ್ಞೆಗಳನ್ನು ಹೇಳಿದಳು. ಎಂದಿನಂತೆ ಒಂದೇ ಓಟದಲ್ಲಿ. ಜಯಶೀಲ ಕಣ್ಣು ಬಿಟ್ಟು, ಒಂದು ಬಿಟ್ಟುಹೋಯಿತಲ್ಲ ಅಂದ. ಯಾವುದು ಎಂದು ಅವಳು ಕೇಳಲಿಲ್ಲ. ಎದ್ದು ಒಳಗೆ ಹೋಗಿ ನೀರು ಕುಡಿದಳು. ಮರುದಿನದಿಂದ ಪಾಗಾರದ ಆಚೆ ಅಪ್ಪಿಯ ಸ್ವರ ಕೇಳಿದರೆ ಒಣಗಿದ ಬಟ್ಟೆಯನ್ನೂ ತೆಗೆಯದೆ ಒಳಗೇ ಉಳಿಯುತ್ತಿದ್ದಳು. ಹಾಲು ಎಂದಿನಂತೆ ಬಂತು. ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, ಬಾಗಿಲ ಸಂದಿಯಿಂದ ಅಪ್ಪಿ ಹಾಲು ಹೊಯ್ಯುವುದನ್ನು ಕಳ್ಳಿಯ ಹಾಗೆ ನೋಡಿದಳು. ಹಾಗೆ ಅಂದುಕೊಂಡಾಗ ಆ ಪದ ಅವಳನ್ನು ನಿಲ್ಲಿಸಿತು.

ಗುರುವಾರ ಸರಸ ಸ್ಟೀಲು ಡಬ್ಬಿಯಲ್ಲಿ ಕಾಶಿಹಲ್ವ ಕಳಿಸಿಕೊಟ್ಟಳು. ನಿಮ್ಮದೇ ಕುಂಬಳದ್ದು, ಬೆಣ್ಣೆಯ ಹಾಗೆ ಇತ್ತು ಎಂಬ ಮಾತಿನ ಜೊತೆ. ಮುಚ್ಚಳ ತೆಗೆದಾಗ ಏಲಕ್ಕಿಯ ಪರಿಮಳ ಬಂತು. ದಯಾವತಿ ಮುಚ್ಚಳ ಹಾಕಿದಳು. ಡಬ್ಬಿ ಹಿಡಿದುಕೊಂಡೇ ಅಪ್ಪಿಯ ಹಿತ್ತಿಲಿಗೆ ಹೋದಳು.

ಅಪ್ಪಿ ಬಾವಿಕಟ್ಟೆಯ ಬದಿಯಲ್ಲಿ ಬಂಗುಡೆ ಮೀನು ಕೊಯ್ಯುತ್ತಾ ಕುಳಿತಿದ್ದಳು.

"ಆ ಕಾಯಿ ನಾನ್ ಕದ್ದದ್ದ್ ಅಪ್ಪಿ."

ಅಪ್ಪಿ ತಲೆ ಎತ್ತಲಿಲ್ಲ. "ಗೊತ್ತಿತ್ತ್. ನೀವ್ ತಿಕ್ಕದ್ದ್ ನನ್ನ ಸುಣ್ಣ ಅಲ್ದಾ?" ಎಂದು ಮೀನನ್ನು ಮಗುಚಿ ಹಾಕಿದಳು. ಹೊಸ ಅಕ್ಕಿ ಉಣ್ಣುವ ಹೊಸ್ತಿನ ಊಟಕ್ಕೆಂದು ಆ ಕಾಯಿಯನ್ನು ಬಿಟ್ಟಿದ್ದಳಂತೆ. ನಿನ್ನೆ ಹೊಸ್ತು ಆಯಿತು, ಪೇಟೆಯಿಂದಲೇ ಒಂದು ತುಂಡು ತಂದು ಮಾಡಿದೆ ಅಂದಳು. "ನಮ್ಮ ದೇವ್ರ್ ಪ್ಯಾಟೆದ್ದ್ ಅಂದೇಳಿ ಬ್ಯಾಡ ಅನ್ಲಿಲ್ಲ."

"ಕೇಂಡಿದ್ರೆ ಕೊಡ್ತಿದ್ಯಾ?"

"ಕೇಂಡಿದ್ರೆ ಏಣಿ ನಾನೇ ಹಿಡೀತಿದ್ದೆ."

ದಯಾವತಿ ಬಾವಿಕಟ್ಟೆಯ ಮೇಲೆ ಕುಳಿತಳು. ಅತ್ತಳು. ಅಪ್ಪಿ ಬೆಕ್ಕಿಗೆ ಮೀನಿನ ತಲೆ ಎಸೆದಳು. ದಯಾವತಿ ಕಣ್ಣು ಒರೆಸಿಕೊಂಡು, ತಾನು ದಾರಿಯಲ್ಲಿ ಯೋಚಿಸಿಕೊಂಡು ಬಂದದ್ದನ್ನು ಹೇಳಿದಳು. ಬರುವ ಭಾನುವಾರ ಆರಾಧನೆಯಲ್ಲಿ ಎದ್ದು ನಿಂತು ಎಲ್ಲರ ಎದುರು ತಪ್ಪು ಒಪ್ಪಿಕೊಳ್ಳುತ್ತೇನೆ. ಹಾಗೆ ಮಾಡದೆ ನನ್ನನ್ನು ನಾನು ಕ್ರಿಸ್ತನವಳು ಎಂದು ಕರೆದುಕೊಳ್ಳಲು ಆಗುವುದಿಲ್ಲ. ಹೇಳುತ್ತಾ ಹೇಳುತ್ತಾ ಅವಳ ಸ್ವರ ಗಟ್ಟಿಯಾಯಿತು. ಸಭಾಪಾಲಕರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವುದು, ಸರಸ ಎದ್ದು ಬರುವುದು, ಇಂಥ ಧೈರ್ಯ ಯಾರಿಗುಂಟು ಎಂದು ಮೆಟ್ಟಿಲಿಳಿಯುತ್ತಾ ಜನ ಆಡಿಕೊಳ್ಳುವುದು ಎಲ್ಲ ಕಣ್ಣಿಗೆ ಕಟ್ಟಿತು.

"ನೀನೂ ಬಾ ಅಪ್ಪಿ. ನನ್ನ ಹತ್ರ ನಿಲ್ಲ್. ನೀನ್ ಕ್ಷಮಿಸ್ದೆ ಅಂದೇಳಿ ಎಲ್ರಿಗೂ ಗೊತ್ತಾಯ್ಲಿ."

ಅಪ್ಪಿಯ ಕತ್ತಿ ನಿಂತಿತು. ಈಗ ಅವಳು ತಲೆ ಎತ್ತಿದಳು.

"ಕಾಯಿ ಹೊತ್ಕಂಡ್ ಹೋಯ್ ಒಂದ್ಸಲ ಹೊಗಳಿಸ್ಕಂಡ್ರಿ. ಈಗ ತಪ್ಪ್ ಹೊತ್ಕಂಡ್ ಹೋಯ್ ಇನ್ನೊಂದ್ಸಲವಾ ದಯಕ್ಕ?"

ದಯಾವತಿಯ ಕಿವಿಯವರೆಗೆ ಬಿಸಿ ಏರಿತು. ಕಣ್ಣಿಗೆ ಕಟ್ಟಿದ್ದೆಲ್ಲ, ಕನ್ನಡಕ, ಮೆಟ್ಟಿಲು, ಸರಸ, ಅಪ್ಪಿಗೂ ಕಂಡುಬಿಟ್ಟಿತೋ ಎಂಬಂತೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು.

"ನಿಮ್ಮ ಮರ್ಯಾದಿ ಹೋಪುದ್ ಬ್ಯಾಡ ಅಂದೇಳಿ ನಿಮ್ಮ ದೇವ್ರ್ ಅಂಗ್ಳದಲ್ಲಿ ನಾನ್ ಸುಳ್ಳ್ ಹೇಳ್ದೆ. ನಾಳೆ ಅದೇ ಮನಿಗಳಿಗೆ ಹಾಲ್ ಕೊಡುಕೆ ಹೋಪವಳ್ ನಾನ್. ಅಲ್ಲಿ ಸುಳ್ಳ್ ಹೇಳ್ದವಳ್ ಹಾಲಿಗೆ ನೀರ್ ಹಾಕುದಿಲ್ಯಾ ಅಂಬ್ರ್. ನಿಮ್ಗೆ ಹೇಳ್ಬೇಕ್ ಅಂತ ಇದ್ರೆ ಹೇಳಿ, ಅದ್ ನಿಮ್ಗೂ ನಿಮ್ಮ ದೇವ್ರಿಗೂ ಬಿಟ್ಟದ್ದ್."

ಬರಲೇಬೇಕೆಂದಿಲ್ಲ, ಬಾಗಿಲಲ್ಲಿ ನಿಂತರೂ ಸಾಕು ಎಂದು ದಯಾವತಿ ಇನ್ನೊಮ್ಮೆ ಕೇಳಿದಳು. ಕೇಳುವಾಗ ಅವಳ ಸ್ವರ ಅವಳಿಗೇ ಕೇಳಿಸಲಿಲ್ಲ.

ಅಪ್ಪಿ ಮೀನಿನ ಕೈಯನ್ನು ನೀರಲ್ಲಿ ಅದ್ದಿ ತೆಗೆದು, ಡಬ್ಬಿಗೆ ಕೈ ಚಾಚಿದಳು.

"ಹಲ್ವ ಕೊಡಿ, ತಿಂತೆ. ಅಲ್ಲಿಗೆ ಮಾತ್ರ ನಾ ಬಪ್ಪುದಿಲ್ಲ."