ಎಡಕ್ಕೆ ಬಿದ್ದ ಹೂವು

ಸೀಮೆಎಣ್ಣೆಗೆ ಕಂಟ್ರೋಲ್ ಬಂದ ವರ್ಷ. ಕ್ಯಾಲನೂರಿನ ಕದಿರೇಶ ಬೆಂಗಳೂರಿನ ಕಾಲೇಜೊಂದರಲ್ಲಿ ಇಂಟರ್ ಓದುತ್ತಿದ್ದವನು ಗಣಿತದಲ್ಲಿ ಫೇಲಾಗಿ ಊರಿಗೆ ಬಂದ. ಬರುವಷ್ಟರಲ್ಲಿ ಕಾರಣವೂ ಸಿದ್ಧವಾಗಿತ್ತು: ಶನಿಕಾಟ. ಸೋಲನ್ನು ಶನಿಗೆ ಒಪ್ಪಿಸಿದ ಮೇಲೆ ಮುದ್ದೆ ಸಲೀಸಾಗಿಯೇ ಇಳಿಯಿತು.

ಮತ್ತೆ ಪರೀಕ್ಷೆಗೆ ಕೂರಬೇಕೋ, ಓದು ಬಿಡಬೇಕೋ? ಅಜ್ಜಿ ಆವಲಮ್ಮ ಗಂಗಮ್ಮನ ಗುಡಿಯಲ್ಲಿ ಹೂ ಕೇಳಿದರು. ಬಲಕ್ಕೆ ಬಿದ್ದರೆ ಓದು, ಎಡಕ್ಕೆ ಬಿದ್ದರೆ ಬೇಡ. ಹೂವು ಎಡಕ್ಕೇ ಬಿತ್ತು. ಅಜ್ಜಿ ಕಣ್ಣೊರೆಸಿಕೊಂಡರು. ಮೊಮ್ಮಗ ಮಾತ್ರ ನಿರಾಳವಾಗಿ ಉಸಿರು ಬಿಟ್ಟ. ಅದು ಪಕ್ಕದ ಮನೆಯ ಶ್ಯಾಮಲಮ್ಮನ ಕಣ್ಣಿಗೆ ಬಿತ್ತು. ಆಕೆ ಕೋಲಾರದಲ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ.

“ಯಾವ ಲೆಕ್ಕ ಬರಲಿಲ್ಲ ಕಣೋ?”

“ಎಲ್ಲಾನೂ ಬಾಯಿಪಾಠ ಮಾಡಿದ್ದೆ ಅಕ್ಕ. ಅವರು ಅಂಕಿ ಬದಲಾಯಿಸಿಬಿಟ್ರು.”

“ಲೆಕ್ಕಾನ ಬಾಯಿಪಾಠ ಮಾಡಿದ್ಯಾ! ತಿಳೀದಿದ್ರೆ ಮೇಷ್ಟ್ರನ್ನ ಕೇಳ್ಬಾರ್ದಾ?”

“ಹಳ್ಳಿ ಗಮಾರ ಅಂದುಬಿಟ್ರೆ?”

ಅಜ್ಜಿ ರೇಗಿದರು. “ಏ ಮೇಷ್ಟ್ರಮ್ಮ, ಮಗೂನ ಯಾಕೇ ಗೋಳು ಹುಯ್ಕೊಂತೀಯ? ದೇವ್ರೇ ಬೇಡ ಅಂದ್ಮೇಲೆ ಏಂ ಚೇಸ್ತಾಂ, ಏನ್ ಮಾಡೋಕಾಗ್ತದೆ?”

“ಅಜ್ಜಿ, ಹೋದ್ವರ್ಷ ರಾಗಿ ಬಿತ್ತೋಕೆ ಹೂ ಕೇಳಿದ್ರಲ್ಲ, ಯಾವ ಕಡೆ ಬಿತ್ತು?”

“ಎಡಕ್ಕೆ.”

“ಹೊಲ ಬೀಳು ಬಿಟ್ರಾ?”

“ಬಿಡ್ತಾರೇನೇ? ಹೊಟ್ಟೆಗೇನ್ ತಿನ್ನೋದು? ಇನ್ನೊಂದ್ಸಲ ಉತ್ತು, ಗೊಬ್ಬರ ಹಾಕಿ, ಹದ ನೋಡಿ ಬಿತ್ತಿದ್ವಿ. ಮಳೆ ದೇವ್ರುದು, ನೇಗ್ಲು ನಮ್ದು...”

ಅಜ್ಜಿ ಮೆಲ್ಲಗೆ ಮೊಮ್ಮಗನ ಕಡೆ ತಿರುಗಿದರು.

“ಲೇ, ನೀನು ಉತ್ತೇ ಇಲ್ವಲ್ಲೋ!”

ಕದಿರೇಶ ಬೆಂಗಳೂರಿಗೆ ಹಿಂದಿರುಗಿದ. ತಿಳಿಯದ ಲೆಕ್ಕವನ್ನು ಮೇಷ್ಟರ ಮುಂದಿಟ್ಟ. ಅವರು ದಡ್ಡ ಎಂದದ್ದು ನಿಜ. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟದ್ದೂ ನಿಜ. ಮುಂದಿನ ಪರೀಕ್ಷೆಯಲ್ಲಿ ಪಾಸಾದ, ಮೂರನೇ ದರ್ಜೆ. ಶನಿ ಎಲ್ಲಿಗೆ ಹೋದನೋ ಯಾರೂ ವಿಚಾರಿಸಲಿಲ್ಲ.

ಅಮ್ಮಂದಿರೇ, ಅಪ್ಪಂದಿರೇ, ಪ್ರಶ್ನೆಪತ್ರಿಕೆ ಯಾರ ಕೈಯಲ್ಲೂ ಇಲ್ಲ. ತಿಳಿಯದ್ದನ್ನು ಕೇಳುವುದು, ತಾನೇ ಬಿಡಿಸಿ ನೋಡುವುದು ಓದುವವರ ಕೈಯಲ್ಲೇ ಇದೆ. ಕಾಲೇಜಿನಿಂದ ಮಗನೋ ಮಗಳೋ ಸೋತು ಬಂದರೆ ಬೈಯಬೇಡಿ, ಜಾತಕವನ್ನೂ ಬಿಚ್ಚಬೇಡಿ. ಯಾವುದು ಬರಲಿಲ್ಲ ಎಂದು ಕೇಳಿ. ಹೂವು ದೇವರ ತಲೆಯ ಮೇಲಿರಲಿ. ನೇಗಿಲನ್ನು ಮಕ್ಕಳ ಕೈಗೇ ಕೊಡಿ.