ಕಪ್ಪಣ್ಣನ ಗೋಲು

ಕನ್ನಡಕ ಹಾಕಿಕೊಳ್ಳುವ ಮೊದಲೇ ಕಪ್ಪಣ್ಣ "ಹೂಂ, ನಾನೇ" ಎಂದುಬಿಟ್ಟ.

ಶಾಲೆಯ ಮೇಡಂ ಲಕೋಟೆಯಿಂದ ಫೋಟೋ ತೆಗೆದು ಇಸ್ತ್ರಿ ಮೇಜಿನ ಮೇಲೆ ಇಟ್ಟಿದ್ದಳಷ್ಟೆ. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಟೈಲರಮ್ಮ ಕಾಲು ನಿಲ್ಲಿಸಿದಳು. ಕನ್ನಡಕವಿಲ್ಲದಿದ್ದರೆ ತನ್ನ ಗಂಡನಿಗೆ ಅಂಗಿಯ ಒಳಮೈ ಹೊರಮೈ ಗೊತ್ತಾಗುವುದಿಲ್ಲ. ಆ ಕನ್ನಡಕ ದಾರದ ಡಬ್ಬಿಯ ಪಕ್ಕದಲ್ಲಿ ಬಿದ್ದಿತ್ತು.

"ಸರಿಯಾಗಿ ನೋಡಿ ಹೇಳಿ," ಎಂದಳು ಮೇಡಂ. "ಫೈನಲ್ ದಿನದ್ದು. ಪೇಟೆಯ ಹಳೇ ಸ್ಟುಡಿಯೋದಲ್ಲಿ ಸಿಕ್ತು. ಗೋಲ್ ಹೊಡಿಯೋ ಗಳಿಗೇನೇ ಹಿಡಿದಿದಾರೆ. ಕ್ಲಬ್ಬಿನ ಪುಸ್ತಕಕ್ಕೆ ಇದೇ ಮುಖಪುಟ."

"ನೋಡೋದೇನಿದೆ? ನಾನೇ." ಕಪ್ಪಣ್ಣ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡ. ಹಾಗೆನ್ನುವಾಗ ಅವನು ನೋಡಿದ್ದು ಫೋಟೋವನ್ನಲ್ಲ, ಹೆಂಡತಿಯನ್ನು.

ಟೈಲರಮ್ಮ ಎದ್ದು ಬಂದು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹುಡುಗನ ಮುಖ ಇರಲಿಲ್ಲ. ಬರೀ ಬೆನ್ನು, ಬೆನ್ನ ಮೇಲೆ ಕೈಯಲ್ಲಿ ಬರೆದ ಒಂಬತ್ತು, ಒದ್ದು ಇನ್ನೂ ಗಾಳಿಯಲ್ಲೇ ಇದ್ದ ಒಂದು ಕಾಲು.

"ಮುಖಾನೇ ಇಲ್ವಲ್ಲ. ನೀವು ಅಂತ ಹೇಗೆ ಹೇಳ್ತೀರಿ?"

"ನನ್ನ ಬೆನ್ನು ನನಗೆ ಗೊತ್ತಾಗಲ್ವೇನೇ?"

"ನಿಮ್ಮ ಬೆನ್ನು ನೀವು ಯಾವತ್ತು ನೋಡಿದೀರಿ?"

ಮೇಡಂ ನಕ್ಕಳು. ಕಪ್ಪಣ್ಣ ನಗಲಿಲ್ಲ. ಹೊರಡುವಾಗ ಮೇಡಂ ಫೋಟೋವನ್ನು ಲಕೋಟೆಗೆ ಹಾಕಿ ಟೈಲರಮ್ಮನ ಕೈಗೇ ಕೊಟ್ಟಳು. "ಎರಡು ದಿನ ನಿಮ್ಮ ಹತ್ತಿರಾನೇ ಇರಲಿ. ನಿಧಾನವಾಗಿ ನೋಡಿ."

ಊರಿನ ಯುವಕರ ಫುಟ್‌ಬಾಲ್ ಕ್ಲಬ್ಬಿಗೆ ಐವತ್ತು ತುಂಬುತ್ತಿತ್ತು. ಶುರು ಮಾಡಿದವರು ಡ್ರಿಲ್ ಮೇಷ್ಟ್ರು. ಹೆಂಚಿನ ಕಾರ್ಖಾನೆಯವರು ಮಣ್ಣು ತೆಗೆದು ಬಿಟ್ಟ ಹಳ್ಳವೇ ಮೈದಾನ. ರಸ್ತೆಯಲ್ಲಿ ಹೋಗುವವರಿಗೆ ಆಟಗಾರರು ಕಾಣುತ್ತಿರಲಿಲ್ಲ. ಆಗಾಗ ಚೆಂಡೊಂದು ನೆಲದೊಳಗಿಂದ ಎದ್ದು ಬಂದು ಮತ್ತೆ ಒಳಗೆ ಬೀಳುತ್ತಿತ್ತು. ಮೂರನೆಯ ವರ್ಷ ಹುಡುಗರು ಪೇಟೆಗೆ ಹೋಗಿ ಹದಿನಾರರ ಒಳಗಿನವರ ಕಪ್ಪು ಗೆದ್ದು ತಂದರು. ಒಂದೇ ಗೋಲಿನ ಗೆಲುವು. ಆಮೇಲೆ ಇವತ್ತಿನವರೆಗೆ ಕ್ಲಬ್ಬಿನ ಬೀರುವಿಗೆ ಇನ್ನೊಂದು ಕಪ್ಪು ಬರಲಿಲ್ಲ. ಗೋಲು ಹೊಡೆದವನಿಗೆ ಊರು ಕಪ್ಪಣ್ಣ ಎಂದು ಹೆಸರಿಟ್ಟಿತು. ಅವನದು ಎಣ್ಣೆಗೆಂಪು ಬಣ್ಣ. ಹೊಸದಾಗಿ ಬಂದವರು ಹೆಸರು ಕೇಳಿ ಮುಖ ನೋಡಿ ಗಲಿಬಿಲಿಯಾಗುತ್ತಿದ್ದರು. ವಯಸ್ಸಿಗೆ ಬರುತ್ತಲೇ ಕಾರ್ಖಾನೆಯವರು ಕರೆದು ಕೆಲಸ ಕೊಟ್ಟರು. ಈಗ ನಿವೃತ್ತನಾಗಿ ಹೆಂಡತಿ ಹೊಲಿದ ಬಟ್ಟೆಗೆ ಇಸ್ತ್ರಿ ಹಾಕಿಕೊಂಡಿದ್ದ. ಮೈದಾನದ ಹೊಸ ಗೇಟಿಗೆ ಅವನ ಹೆಸರನ್ನೇ ಇಡುವುದೆಂದು ತೀರ್ಮಾನವಾಗಿತ್ತು.

ಟೈಲರಮ್ಮ ಬೇರೆ ಊರಿನಿಂದ ಸೊಸೆಯಾಗಿ ಬಂದವಳು. ಗೋಲಿನ ಕಥೆಯನ್ನು ಮದುವೆಗೆ ಮೊದಲೇ ಕೇಳಿದ್ದಳು. ಗಂಡ ಮಾತ್ರ ತಾನಾಗಿ ಅದರ ಸುದ್ದಿ ಎತ್ತಿದವನಲ್ಲ. ಪಂದ್ಯವಿದ್ದ ದಿನ ಮೈದಾನದ ಕಡೆ ಸುಳಿದವನೂ ಅಲ್ಲ. ದೊಡ್ಡತನ ಎಂದುಕೊಂಡಿದ್ದಳು. ಈಗ, ಯಂತ್ರ ತುಳಿಯುತ್ತ, ಅದು ದೊಡ್ಡತನ ಎಂದು ತನಗೆ ಹೇಳಿದವರು ಯಾರು ಎಂದು ಯೋಚಿಸಿದಳು. ಯಾರೂ ಹೇಳಿರಲಿಲ್ಲ. ತಾನೇ ಹೊಲಿದುಕೊಂಡಿದ್ದಳು.

ಮಾರನೆಯ ದಿನ ಅವನು ಪೇಟೆಗೆ ಹೋದಾಗ ಫೋಟೋ ತೆಗೆದಳು. ಮುಖ ನೋಡಿ ಜನರನ್ನು ಗುರುತಿಸುವುದು ಬೇರೆಯವರ ಕೆಲಸ. ಅವಳು ನಲವತ್ತು ವರ್ಷದಿಂದ ಊರನ್ನು ಹಿಂದಿನಿಂದ ನೋಡಿದವಳು. ಯಾರ ಕತ್ತು ಗಿಡ್ಡ, ಯಾರ ಬೆನ್ನು ಗೂನು, ಟೇಪು ಹಿಡಿದ ಕೈಗೆ ಗೊತ್ತು. ಫೋಟೋದ ಹುಡುಗನ ಎಡ ಭುಜ ಇಳಿದಿತ್ತು. ಒದೆಯುವಾಗ ವಾಲಿದ್ದಿರಬಹುದು ಎಂದು ಮೊದಲು ಅಂದುಕೊಂಡಳು. ಆದರೆ ಅವನು ವಾಲಿದ್ದು ಬಲಕ್ಕೆ.

ಅಳತೆ ಪುಸ್ತಕದ ಹಳೆಯ ಸಂಪುಟ ಟ್ರಂಕಿನ ತಳದಲ್ಲಿತ್ತು. ಗಂಡನ ಪುಟದಲ್ಲಿ ಎರಡೂ ಭುಜ ಸಮ. ಅದರ ಎದುರು ಪುಟದಲ್ಲೇ, ಮದುವೆಯಾದ ವರ್ಷ ತಾನೇ ಪೆನ್ಸಿಲಿನಲ್ಲಿ ಬರೆದದ್ದು: "ಭಾವ. ಎಡ ಭುಜ ಮುಕ್ಕಾಲು ಇಂಚು ಇಳಿಕೆ."

ಗಂಡನಿಗಿಂತ ಒಂದೂವರೆ ವರ್ಷಕ್ಕೆ ದೊಡ್ಡವನಾದ ಈ ಭಾವ ಬಹಳ ವರ್ಷ ಲಾರಿ ಓಡಿಸಿ ಈಗ ಮರ ಕೊಯ್ಯುವ ಮಿಲ್ಲಿನಲ್ಲಿ ಕಾವಲುಗಾರ. ಹೆಂಡತಿ ತೀರಿಕೊಂಡ ಮೇಲೆ ಅಲ್ಲೇ ಕೋಣೆಯಲ್ಲಿ ಇರುತ್ತಿದ್ದ. ಅಣ್ಣತಮ್ಮಂದಿರಲ್ಲಿ ಜಗಳವಿಲ್ಲ, ಮಾತೂ ಇಲ್ಲ. ಆದರೆ ಪ್ರತಿ ವರ್ಷ ಕಪ್ಪಣ್ಣ "ಅಣ್ಣನಿಗೊಂದು ಅಂಗಿ ಹೊಲಿ" ಎನ್ನುವುದನ್ನು ತಪ್ಪಿಸುತ್ತಿರಲಿಲ್ಲ. ಒಳ್ಳೆಯ ಬಟ್ಟೆಯನ್ನು ತಾನೇ ಆರಿಸುತ್ತಿದ್ದ. ಮೂವತ್ತೊಂಬತ್ತು ಅಂಗಿ. ಅದನ್ನೂ ಪ್ರೀತಿ ಎಂದುಕೊಂಡಿದ್ದಳು.

ಮಿಲ್ಲಿನ ಅಂಗಳದಲ್ಲಿ ಗರಗಸದ ಸದ್ದಿಗೆ ಕಿವಿ ಕೆಪ್ಪಾಗುವಂತಿತ್ತು. ಮರ ಇಳಿಸುತ್ತಿದ್ದ ಹಮಾಲಿಯೊಬ್ಬ ಹಾದುಹೋದ. ಅವನ ಅಂಗಿ ಎಡಗಡೆ ಮುದುಡಿ, ಅವನ ಸರಿಯಾದ ಭುಜದ ಮೇಲೆ ಕೂರಲಾರದೆ ಒದ್ದಾಡುತ್ತಿತ್ತು. ಹೋದ ವರ್ಷ ಭಾವನಿಗೆಂದು ತಾನೇ ಹೊಲಿದ ನೀಲಿ ಗೀಟಿನ ಬಟ್ಟೆ. ಅವಳು ನೋಡಿಯೂ ನೋಡದವಳಂತೆ ಕಾವಲು ಕೋಣೆಗೆ ಹೋದಳು.

"ಏನಮ್ಮಾ, ಇಷ್ಟು ದೂರ?" ಭಾವ ಎದ್ದು ನಿಂತ. ಕುಳಿತುಕೊಳ್ಳಲು ಹೇಳಲಿಲ್ಲ. "ಅವನು ಕಳಿಸಿದನಾ?"

"ಇಲ್ಲ ಭಾವ. ಐವತ್ತನೇ ವರ್ಷದ ಸಮಾರಂಭಕ್ಕೆ ಒಂದು ಅಂಗಿ. ಅಳತೆ ತಗೊಳ್ಳೋಣ ಅಂತ."

"ಇಷ್ಟು ವರ್ಷ ಇಲ್ಲದ ಅಳತೆ ಈಗ್ಯಾಕೆ?"

"ಮೈ ಬದಲಾಗಿರುತ್ತಲ್ಲ."

ಅವನು ಅನುಮಾನದಿಂದಲೇ ತಿರುಗಿ ನಿಂತ. ಅವಳು ಟೇಪು ಇಟ್ಟಳು. ಮೈ ಕುಗ್ಗಿತ್ತು, ಎಡ ಭುಜ ಮಾತ್ರ ಅದೇ ಮುಕ್ಕಾಲು ಇಂಚು.

"ಇದು ಯಾವಾಗಿಂದ ಹೀಗೆ ಭಾವ?"

"ಚಿಕ್ಕವನಿದ್ದಾಗ ಮರದಿಂದ ಬಿದ್ದೆ. ಹತ್ತು ವರ್ಷ ಇರಬಹುದು."

"ಹಾಗಾದ್ರೆ ಕಪ್ಪು ಗೆದ್ದ ವರ್ಷಾನೂ ಹೀಗೇ ಇತ್ತು."

ಅವನು ಗಕ್ಕನೆ ತಿರುಗಿದ. ಟೇಪು ಅವಳ ಕೈಯಿಂದ ಜಾರಿತು.

"ನನ್ನ ಬಾಯಿ ಮುಚ್ಚಿದೆಯಾ ನೋಡ್ಕೊಂಡು ಬಾ ಅಂದನಾ? ಗೇಟಿಗೆ ಹೆಸರು ಹಾಕೋ ಮುಂಚೆ ಈ ಮುದುಕ ಎಲ್ಲಾದ್ರೂ ಒದರಿಬಿಟ್ಟಾನು ಅಂತ ಭಯಾನಾ?"

"ಯಾರೂ ಕಳಿಸಿಲ್ಲ. ನಾನು ಒಂದು ಫೋಟೋ ನೋಡಿದೆ. ಬೆನ್ನು ನೋಡಿದೆ."

ಭಾವ ಅವಳ ಮುಖವನ್ನು ಅಳೆದ. ಆಮೇಲೆ ಮರದ ದಿಮ್ಮಿಯೊಂದರ ಮೇಲೆ ಕುಳಿತ.

"ಹದಿನಾರು ತುಂಬಿ ಮೂರೇ ವಾರ ಆಗಿತ್ತು ನನಗೆ. ಮೂರು ವಾರ. ಮೇಷ್ಟ್ರು ತಮ್ಮನ ವಯಸ್ಸಿನ ಸರ್ಟಿಫಿಕೇಟು ಇಟ್ಟು ನನ್ನನ್ನ ಆಡಿಸಿದ್ರು. ಗೆದ್ವಿ. ಸುಳ್ಳು ಹೊರಗೆ ಬಿದ್ರೆ ಕಪ್ಪು ವಾಪಸ್ಸು, ಹನ್ನೊಂದು ಹುಡುಗರ ಹೆಸರೂ ಹೋಗುತ್ತೆ ಅಂದ್ರು. ನೀನು ಇನ್ನು ಆಡಬೇಡ, ಪೇಟೆಯವರು ಗುರುತು ಹಿಡಿತಾರೆ ಅಂದ್ರು. ಬಿಟ್ಟೆ."

"ಪೂರ್ತಿ?"

"ಚೆಂಡು ಮುಟ್ಟಿಲ್ಲ."

"ಅಂಗಿ ಯಾಕೆ ಹಾಕ್ಕೊಳ್ಳಲ್ಲ ಭಾವ?"

"ಬಾಯಿ ಮುಚ್ಚೋಕೆ ಕಳಿಸಿದ ಬಟ್ಟೆ ಮೈಗೆ ಹೇಗಮ್ಮಾ ಹಿಡಿಸುತ್ತೆ?" ಎಂದ ಅವನು. "ನಿನ್ನ ಕೈಕೆಲಸ ಚೆನ್ನಾಗಿದೆ. ಅದಕ್ಕೇ ಎಸೀಲಿಲ್ಲ, ಕೊಟ್ಟೆ."

ಅವಳು ಅಲ್ಲಿಂದ ನೇರವಾಗಿ ಮೈದಾನಕ್ಕೆ ಹೋದಳು. ಹಳ್ಳವನ್ನು ಈಗ ಅರ್ಧ ತುಂಬಿಸಿದ್ದರು. ಮೇಡಂ ಸೀಟಿ ಊದುತ್ತ ಹುಡುಗಿಯರ ತಂಡವನ್ನು ಓಡಿಸುತ್ತಿದ್ದಳು. ಟೈಲರಮ್ಮ ಲಕೋಟೆಯನ್ನು ಅವಳ ಕೈಗಿಟ್ಟಳು.

"ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿರಲಿಲ್ಲ. ಅನುಮಾನ ಇತ್ತು." ಮೇಡಂ ಸೀಟಿಯನ್ನು ಬಾಯಿಂದ ತೆಗೆದಳು. "ಆ ತಂಡದವರು ಐದು ಜನ ಇನ್ನೂ ಇದಾರೆ. ಐದೂ ಜನರ ಮನೆಗೆ ಹೋದೆ. ಗೋಲು ಹೇಗಾಯ್ತು ಅಂತ ಕೇಳಿದೆ. ಐದೂ ಜನ ಒಂದಕ್ಷರ ಆಚೀಚೆ ಇಲ್ಲದೆ ಒಂದೇ ಕಥೆ ಹೇಳಿದ್ರು. ಐದು ಮಕ್ಕಳ ಉತ್ತರಪತ್ರಿಕೆ ಒಂದೇ ಥರ ಇದ್ರೆ ನಾನು ಏನು ತಿಳ್ಕೋಬೇಕು?"

"ಅದಕ್ಕೇ ಫೋಟೋ ನನ್ನ ಹತ್ತಿರ ಬಿಟ್ಟು ಹೋದ್ರಿ."

"ಊರಲ್ಲಿ ಹೊರಗಿನಿಂದ ಬಂದವರು ನಾವಿಬ್ಬರೇ ಅನ್ನಿಸ್ತು," ಎಂದಳು ಮೇಡಂ. "ತಪ್ಪಾಗಿದ್ರೆ ಕ್ಷಮಿಸಿ. ಏನು ಬರೀಬೇಕು ಅಂತ ನೀವೇ ಹೇಳಿ, ಹಾಗೇ ಬರೀತೀನಿ."

ಟೈಲರಮ್ಮ ಸೆರಗು ಸರಿಪಡಿಸಿಕೊಂಡು ಹೊರಟಳು. ಮನೆಗೆ ಬರುವ ದಾರಿಯಲ್ಲಿ ಕಿರಾಣಿ ಅಂಗಡಿಯವನು "ಕಪ್ಪಣ್ಣ ಚೆನ್ನಾಗಿದಾರಾ?" ಎಂದ. ಅವಳು ನಿಂತು ಅವನ ಕಣ್ಣು ನೋಡಿದಳು. ಇವನಿಗೂ ಗೊತ್ತೆ? ಇವನ ಅಪ್ಪನಿಗೆ? ಹೆಸರು ಹೇಳುವಾಗ ತುಟಿಯ ಕೊನೆಯಲ್ಲಿ ಕಂಡದ್ದು ನಗುವೋ, ಬಾಯೊಳಗಿನ ಅಡಿಕೆಯೋ? ನಾಲ್ಕು ದಶಕ ಊರೆಲ್ಲ ತನ್ನ ಗಂಡನನ್ನು ಹಾಗೆ ಕರೆದದ್ದು ಹೊಗಳಿಕೆಯೋ ಗೇಲಿಯೋ? ಅವಳಿಗೆ ತಾನು ಹೊಲಿದ ಬಟ್ಟೆ ತೊಟ್ಟವರೆಲ್ಲ ಬೆನ್ನು ತಿರುಗಿಸಿ ನಿಂತಂತೆ ಅನಿಸಿತು.

ಕಪ್ಪಣ್ಣ ಪೇಟೆಯಿಂದ ಬಂದಿದ್ದ. ಮೇಜಿನ ಮೇಲೆ ಅಳತೆ ಪುಸ್ತಕ ತೆರೆದೇ ಇತ್ತು. ಅವನು ಈಗ ಕನ್ನಡಕ ಹಾಕಿಕೊಂಡಿದ್ದ.

"ಅಣ್ಣನ ಹತ್ತಿರ ಹೋಗಿದ್ದೆಯಾ?"

"ಅವತ್ತು ನೀವೆಲ್ಲಿದ್ರಿ?" ಎಂದಳು ಅವಳು.

ಅವನು ಅಂಗಿಯೊಂದರ ಕಾಲರನ್ನು ಬೆರಳಲ್ಲಿ ನೇವರಿಸಿದ.

"ಮನೇಲಿ. ಬೆಳಿಗ್ಗೇನೇ ಒಳಗೆ ಕೂರಿಸಿ ಹೊರಗಿನಿಂದ ಚಿಲಕ ಹಾಕಿದ್ರು. ನಾನು ಪೇಟೆಯಲ್ಲಿ ಆಡ್ತಿದೀನಿ ಅಂತ ಕಾಗದ ಹೇಳುತ್ತೆ, ಇಲ್ಲಿ ಬೀದೀಲಿ ತಿರುಗಾಡಿದ್ರೆ ಹೇಗೆ? ಸಾಯಂಕಾಲ ಲಾರಿ ಬಂತು. ಕೂಗಾಟ ಕೇಳಿ ಗೆದ್ರು ಅಂತ ಗೊತ್ತಾಯ್ತು. ಮೇಷ್ಟ್ರು ಬಾಗಿಲು ತೆಗೆದು, ಅಣ್ಣನ ಮೈಮೇಲಿದ್ದ ಅಂಗಿ ಬಿಚ್ಚಿಸಿ ನನಗೆ ತೊಡಿಸಿದ್ರು. ಬೆವರಿಗೆ ಒದ್ದೆ ಇತ್ತು ಅದು. ಕಪ್ಪು ಕೈಗೆ ಕೊಟ್ಟು ಫೋಟೋಗೆ ನಿಲ್ಲಿಸಿದ್ರು. ಆ ಪಂದ್ಯಾನ ನಾನು ನೋಡೇ ಇಲ್ಲ ಕಣೇ."

"ಕಾರ್ಖಾನೆ ಕೆಲಸ?"

"ಮ್ಯಾನೇಜರು ಗೋಲ್ ಹೊಡೆದ ಹುಡುಗನ ಹೆಸರು ಕೇಳಿದ. ಕಾಗದದಲ್ಲಿದ್ದದ್ದು ನನ್ನ ಹೆಸರು. ಅಣ್ಣ ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ಕಾದೆ. ಅವನು ಹೇಳಲಿಲ್ಲ. ನಾನು ಹೇಳ್ತೀನಿ ಅಂತ ಅವನೂ ಕಾದನೇನೋ."

"ನಮ್ಮಪ್ಪ ನಿಮ್ಮನ್ನ ನೋಡೋಕೆ ಬಂದಾಗ ಮೊದಲು ಕೇಳಿದ್ದೇ ಆ ಕಪ್ಪು."

"ಗೊತ್ತು."

"ನನಗೂ ಹೇಳ್ಬೇಕು ಅನಿಸಲಿಲ್ವಾ?"

"ಮೊದಲನೇ ವರ್ಷ ಅನಿಸ್ತು. ಆಮೇಲೆ ನಿನಗೆ ಗೊತ್ತಾಗಿದೆಯೇನೋ ಅಂತ ಅನುಮಾನ ಶುರುವಾಯ್ತು. ಗೊತ್ತಿದ್ದೂ ಸುಮ್ಮನಿದೀಯ ಅಂತ. ನೀನು ಅವನ ಅಂಗಿಗೆ ಭುಜ ಇಳಿಸಿ ಕತ್ತರಿಸುವಾಗಲೆಲ್ಲ ನಿನ್ನ ಮುಖ ನೋಡ್ತಿದ್ದೆ."

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಎರಡಕ್ಕೂ ಎಡೆಕೊಡದೆ ಅವನು ಮುಟ್ಟುತ್ತಿದ್ದ ಅಂಗಿಯನ್ನು ಕಿತ್ತುಕೊಂಡು ಮಡಿಸಿಟ್ಟಳು. "ಭಾವ ಆ ಅಂಗಿಗಳನ್ನ ಹಾಕ್ಕೊಂಡೇ ಇಲ್ಲ," ಎಂದಳು. "ಹಮಾಲಿಗಳಿಗೆ ಕೊಟ್ಟಿದಾರೆ."

ಕಪ್ಪಣ್ಣನ ಕೈ ಮೇಜಿನ ಮೇಲೆ ಹಾಗೇ ನಿಂತಿತು.

ಮಾರನೆಯ ಬೆಳಿಗ್ಗೆ ಅವನು ಹೊರಟ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಮಧ್ಯಾಹ್ನ ಹಿಂತಿರುಗಿದಾಗ ಅವನ ಪ್ಯಾಂಟಿನ ಹಿಂಭಾಗದಲ್ಲಿ ಮರದ ಹೊಟ್ಟು ಮೆತ್ತಿಕೊಂಡಿತ್ತು. ನಿಂತು ಬಂದವನಲ್ಲ, ಕೂತು ಬಂದವನು ಎಂದು ಗೊತ್ತಾಯಿತು. ಏನು ಮಾತಾಯಿತು ಎಂಬುದು ಗೊತ್ತಾಗಲಿಲ್ಲ. ಊಟ ಮಾಡುತ್ತ ಅವನೇ ಒಂದು ಮಾತು ಹೇಳಿದ:

"ಮೇಡಂಗೆ ಹೇಳಿಬಿಟ್ಟೆ. ಫೋಟೋ ಕೆಳಗೆ ನನ್ನ ಹೆಸರು ಬೇಡ, ಗೇಟಿಗೂ ಬೇಡ. ಅಣ್ಣನಿಗೆ, ನಿನ್ನ ಹೆಸರು ಹಾಕ್ಸೋಣ ಅಂದೆ. ಅವನು ಒಪ್ಪಲಿಲ್ಲ. 'ಈಗ ಯಾರ ಕಣ್ಣಲ್ಲಿ ಒಳ್ಳೆಯವನಾಗೋಕೆ ಹೊರಟಿದೀಯ' ಅಂದ."

"ಅದಕ್ಕೆ ನೀವೇನಂದ್ರಿ?"

"ಗೊತ್ತಿಲ್ಲ ಅಂದೆ."

ಸಮಾರಂಭದ ದಿನ ಪುಸ್ತಕ ಹಂಚಿದರು. ಮುಖಪುಟದಲ್ಲಿ ಹುಡುಗನ ಬೆನ್ನಿತ್ತು. ಕೆಳಗೆ ವರ್ಷ ಮಾತ್ರ ಇತ್ತು. ಗೇಟಿನ ಮೇಲೆ ಕ್ಲಬ್ಬಿನ ಹೆಸರು. ಭಾವ ಬರಲಿಲ್ಲ. ಹೆಸರು ಯಾಕಿಲ್ಲ ಎಂದು ಯಾರಾದರೂ ಕೇಳಬಹುದೆಂದು ಟೈಲರಮ್ಮ ಹಿಂದಿನ ಸಾಲಿನಲ್ಲಿ ಕುಳಿತು ಕಾದಳು. ಮುದುಕರು ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿ ಮಡಿಲಲ್ಲಿಟ್ಟುಕೊಂಡರು. ಒಬ್ಬರೂ ಕೇಳಲಿಲ್ಲ. ಅಷ್ಟರಿಂದ ಅವಳಿಗೆ ಎಷ್ಟು ಜನರಿಗೆ ಗೊತ್ತಿತ್ತೆಂಬುದರ ಲೆಕ್ಕ ಸಿಕ್ಕಿತು.

ಎರಡು ದಿನ ಬಿಟ್ಟು, ಹುಡುಗಿಯರ ತಂಡದ ಅಂಗಿಗಳನ್ನು ಕೊಡಲೆಂದು ಅವಳು ಶಾಲೆಗೆ ಹೊರಟಳು. ನಡುಮಧ್ಯಾಹ್ನ. ಮೈದಾನದಲ್ಲಿ ಯಾರೂ ಇರಲಾರರು ಎಂದುಕೊಂಡಿದ್ದಳು. ಗೋಲಿನ ಎದುರು, ಪೆನಾಲ್ಟಿ ಪೆಟ್ಟಿಗೆಯ ಗೆರೆಯ ಹತ್ತಿರ, ಒಬ್ಬ ಮನುಷ್ಯ ಚೆಂಡನ್ನು ನೆಲದಲ್ಲಿಟ್ಟು ಹಿಂದೆ ಸರಿಯುತ್ತಿದ್ದ. ಎರಡೂ ಭುಜ ಸಮ.

ಕಪ್ಪಣ್ಣ ನಾಲ್ಕು ಹೆಜ್ಜೆ ಓಡಿ ಒದ್ದ. ಚೆಂಡು ಕಂಬದಿಂದ ಬಹಳ ದೂರ ಉರುಳಿ ಹೋಯಿತು. ಅವನೇ ನಡೆದು ಹೋಗಿ ತಂದ. ಮತ್ತೆ ಅದೇ ಜಾಗದಲ್ಲಿಟ್ಟು ಕಾಲಿನಿಂದ ಸರಿಪಡಿಸಿದ. ಇಸ್ತ್ರಿಯ ಮುಂದೆ ನಿಂತು ನಿಂತು ಬಿಗಿದ ಮಂಡಿಯನ್ನು ಕೈಯಿಂದ ಉಜ್ಜಿಕೊಂಡ. ಎರಡನೆಯ ಸಲವೂ ತಪ್ಪಿತು. ಟೈಲರಮ್ಮ ಗಂಟನ್ನು ಗೋಡೆಯ ಮೇಲಿಟ್ಟು ನಿಂತಳು.

ಮೂರನೆಯ ಸಲ ಅವನು ಸ್ವಲ್ಪ ಹೆಚ್ಚು ಹಿಂದಕ್ಕೆ ಹೋಗಿ ಓಡಿ ಬಂದ. ಚೆಂಡು ನೆಲ ಬಿಟ್ಟು ಎದ್ದಿತು. ಕಂಬಗಳಿಗೆ ಬಲೆ ಕಟ್ಟಿರಲಿಲ್ಲ. ಅದು ಒಳಗಿಂದ ಹೋಯಿತೋ ಹೊರಗಿಂದ ಹೋಯಿತೋ, ಅವಳು ನಿಂತ ಕಡೆಯಿಂದ ತಿಳಿಯಲಿಲ್ಲ. ಅವನು ಚೆಂಡು ತರಲು ನಿಧಾನವಾಗಿ ನಡೆದ.