ಕಾನ್ಸೆಪ್ಟಾ ಬಾಯಿ ಪ್ರಾರ್ಥಿಸಿದ ಮುಖ

ಶರಣಮ್ಮ ಆ ದಿನ ಕುಕ್ಕುಂದೂರಿನಿಂದ ಮೊದಲ ಬಸ್ಸಿಗೇ ಮಣಿಪಾಲಕ್ಕೆ ಬಂದಿದ್ದಳು, ಆದರೆ ಅಡುಗೆಮನೆಯ ಕೆಲಸಕ್ಕೆ ಬರಲಿಲ್ಲ. ನನ್ನ ಮೆಸ್ಸಿನ ಬಾಗಿಲಲ್ಲೇ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಚೀಲದಲ್ಲಿ ಗಂಡ ಕರಿಬಸವನ ಒಗೆದ ಅಂಗಿ ಇತ್ತು. ಮಧ್ಯಾಹ್ನ ಉಡುಪಿ ಕೋರ್ಟಿನಲ್ಲಿ ಅವನ ಜಾಮೀನು ಅರ್ಜಿಯ ವಿಚಾರಣೆ.

“ಬರ್ತಾ ಬಾಯಾರ, ಇವತ್ತರ ಬಿಡ್ತಾರೇನ್ರಿ?” ಎಂದಳು. ಬಿಡುತ್ತಾರೆ ಎಂದೆ. ಕೆಳಗಿನ ಕೋರ್ಟಿನಲ್ಲಿ ಒಮ್ಮೆ ಆಗಲೇ ತಿರಸ್ಕಾರವಾಗಿತ್ತು. ಇಲ್ಲಿಯೂ ಆಗದಿದ್ದರೆ ಉಳಿಯುವುದು ಬೆಂಗಳೂರಿನ ಹೈಕೋರ್ಟು. ಕೊಪ್ಪಳದ ಕಡೆಯಿಂದ ಕೆಂಪುಕಲ್ಲಿನ ಗೋಡೆ ಕಟ್ಟಲು ಬಂದವರಿಗೆ ಅದು ಆಗುವ ಮಾತಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಡೆದದ್ದು ಇಷ್ಟು. ಕಾಪುವಿನಲ್ಲಿ ಕಾನ್ಸೆಪ್ಟಾ ಬಾಯಿಯ ಮನೆಗೆ ಯಾರೋ ಒಬ್ಬ ನೀರು ಕೇಳಿಕೊಂಡು ಬಂದು, ಲೋಟ ಕೊಡುವಾಗ ಕತ್ತಿನ ಸರ ಎಳೆದುಕೊಂಡು ಓಡಿದ್ದ. ಮರುದಿನ ಅವರ ಇಗರ್ಜಿಯ ವಾರ್ಡಿನ ಗುರ್ಕಾರರು, ಅಂದರೆ ಚರ್ಚಿನ ವಾರ್ಡಿನ ಹಿರಿಯರು, ಪಕ್ಕದ ಅಂಗಡಿಯ ಕ್ಯಾಮೆರಾದಿಂದ ತೆಗೆದ ಒಂದು ಫೋಟೊವನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರು. ‘ಇವನೇ ಇರಬೇಕು, ಜಾಗ್ರತೆ’ ಎಂದು ಬರೆದಿದ್ದರು. ಗುರ್ಕಾರರೇ ಹಾಕಿದ ಮೇಲೆ ಕೇಳುವುದೇನಿದೆ? ‘ಇರಬೇಕು’ ಎಂಬುದು ಸಂಜೆಯೊಳಗೆ ಬಿದ್ದುಹೋಯಿತು. ಫೋಟೊದಲ್ಲಿದ್ದವನು ಕರಿಬಸವ. ಮುಂದಿನ ರಸ್ತೆಯಲ್ಲಿ ಕಂಪೌಂಡು ಕಟ್ಟುತ್ತಿದ್ದ, ಬೀಡಿ ತರಲು ಹೋಗಿದ್ದ. ಪೊಲೀಸರು ಹಿಡಿದರು. ಸರ ಸಿಗಲಿಲ್ಲ. ಆದರೆ ಜೈಲಿನಲ್ಲಿ ಸಾಲಾಗಿ ಜನರನ್ನು ನಿಲ್ಲಿಸಿದಾಗ ಕಾನ್ಸೆಪ್ಟಾ ಬಾಯಿ ನೇರವಾಗಿ ಅವನನ್ನೇ ತೋರಿಸಿದರು.

ಅವರೂ ನಾನೂ ಕುವೈತಿನಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಕೆಲಸಕ್ಕಿದ್ದವರು. ಸುಳ್ಳು ಹೇಳುವ ಹೆಂಗಸಲ್ಲ. ಸುದ್ದಿ ಕೇಳಿ ನಾನು ಕಾಪುವಿಗೆ ಹೋದಾಗ ಚಹಾ ಕೊಟ್ಟರು, ಅವನ ಮೇಲೆ ಸಿಟ್ಟಿಲ್ಲ ಎಂದರು. ಫೋಟೊ ಬಂದ ದಿನದಿಂದ ಪ್ರತಿ ಸಂಜೆ ತೇರ್ಸಿಗೆ, ಜಪಮಾಲೆ ಹಿಡಿದು ಪ್ರಾರ್ಥನೆಗೆ ಕೂರುವಾಗ, ಮೊಬೈಲನ್ನು ದೇವರ ಪೀಠಕ್ಕೆ ಒರಗಿಸಿಟ್ಟು ಆ ಮುಖ ನೋಡುತ್ತ, ದೇವರು ಅವನಿಗೆ ಒಳ್ಳೆ ಬುದ್ಧಿ ಕೊಡಲಿ ಎಂದು ಬೇಡುತ್ತಿದ್ದರಂತೆ. “ಈಗ ಕಣ್ಣು ಮುಚ್ಚಿದರೂ ಅವನೇ ಕಾಣುವುದು, ಬರ್ತಾ” ಎಂದರು.

ಇದನ್ನು ಊಟ ಬಡಿಸುತ್ತ ಜೆನಿಟಾಳಿಗೆ ಹೇಳಿದೆ. ಜೆನಿಟಾ ನನ್ನ ತಂಗಿಯ ಮಗಳು, ಇಲ್ಲೇ ಅಪರಾಧಶಾಸ್ತ್ರ ಓದುತ್ತಾಳೆ, ಕಣ್ಣಾರೆ ಕಂಡವರ ಸಾಕ್ಷಿಯ ಮೇಲೇ ಪ್ರಬಂಧ ಬರೆಯುತ್ತಿದ್ದಳು. ಅವಳು ತುತ್ತು ಬಿಟ್ಟು ಎದ್ದುಬಿಟ್ಟಳು. ಇದರ ಬಗ್ಗೆ ಸಂಶೋಧನೆ ಆಗಿರಲೇಬೇಕು ಎಂದಳು. ಎರಡೇ ದಿನದಲ್ಲಿ ಕರಿಬಸವನ ವಕೀಲ ಜೆಫ್ರಿಗೆ ಒಂದು ಲೇಖನದ ವಿವರ ಕೊಟ್ಟಳು. ಮೊಬೈಲಿನಲ್ಲಿ ಬಂದ ಫೋಟೊ ನೋಡಿದವರಲ್ಲಿ ಹತ್ತಕ್ಕೆ ಏಳು ಮಂದಿ ಆಮೇಲೆ ತಪ್ಪು ಮನುಷ್ಯನನ್ನು ತೋರಿಸುತ್ತಾರೆ ಎಂದು ಅದರಲ್ಲಿತ್ತಂತೆ. ಜೆಫ್ರಿ ಅದನ್ನೇ ಲಿಖಿತ ವಾದದಲ್ಲಿ ಮೊದಲಿಗಿಟ್ಟು ಮೊನ್ನೆಯೇ ಕೋರ್ಟಿಗೆ ಕೊಟ್ಟಾಗಿತ್ತು.

ಅಂದು ಬೆಳಿಗ್ಗೆ ಲೇಖನದ ಪ್ರತಿ ತೆಗೆಯಲೆಂದು ಲೈಬ್ರರಿಗೆ ಹೋದ ಜೆನಿಟಾ ಅಲ್ಲಿಂದ ಫೋನು ಮಾಡಿದಳು.

“ಮಾವ್ಶಿ, ಅದು ಇಲ್ಲ.”

“ಎಂತ ಇಲ್ಲ?”

“ಲೇಖನವೇ ಇಲ್ಲ. ಪತ್ರಿಕೆ ಉಂಟು, ಸಂಚಿಕೆ ಉಂಟು. ಆ ಪುಟದಲ್ಲಿ ಜೈಲಿನ ಊಟದ ಬಗ್ಗೆ ಬೇರೆ ಯಾರೋ ಬರೆದದ್ದು ಉಂಟು.”

ಶರಣಮ್ಮನಿಗೆ ಏನೂ ಹೇಳದೆ ಸ್ಕೂಟರ್ ಹತ್ತಿದೆ. ಲೈಬ್ರರಿಯ ಕಂಪ್ಯೂಟರಿನ ಮುಂದೆ ಜೆನಿಟಾಳ ಮುಖ ಬಿಳುಚಿಕೊಂಡಿತ್ತು. ಲೇಖನವನ್ನು ನೀನು ಓದಿದ್ದೆಯಾ ಎಂದು ಕೇಳಿದೆ. ಓದಿರಲಿಲ್ಲ. ಮೊಬೈಲಿನ ಎಐಗೆ ಕೇಳಿದ್ದಳು. ಅದು ಲೇಖಕರ ಹೆಸರು, ವರ್ಷ, ಪುಟ ಎಲ್ಲ ಅಚ್ಚುಕಟ್ಟಾಗಿ ಕೊಟ್ಟಿತ್ತು. ಇಷ್ಟು ಸರಿಯಾಗಿ ಕೊಟ್ಟ ಮೇಲೆ ಇರದೇ ಇರುತ್ತದೆಯೇ ಎಂದುಕೊಂಡಳಂತೆ, ಹೇಳುತ್ತಲೇ ಅತ್ತಳು. ಗುರ್ಕಾರರ ಗ್ರೂಪಿನವರೂ ಹೀಗೇ ಅಂದುಕೊಂಡದ್ದು. ಬಾಯಿಗೆ ಬಂತು, ಹೇಳಲಿಲ್ಲ. ಅಳುವವಳಿಗೆ ಕೆಲಸ ಕೊಡಬೇಕು, ಬೈಗುಳವಲ್ಲ.

“ಬೇರೆ ಹುಡುಕು. ಕೂತು ಹುಡುಕು” ಎಂದೆ.

ವಾಟ್ಸಾಪ್ ಎಂದು ಹಾಕಿದಳು, ಗ್ರೂಪ್ ಎಂದು ಹಾಕಿದಳು, ಫಾರ್ವರ್ಡ್ ಎಂದು ಹಾಕಿದಳು. ಬಂದದ್ದೆಲ್ಲ ಚುನಾವಣೆ, ಗಲಭೆ, ವದಂತಿ. ಗಡಿಯಾರ ನೋಡಿದೆ. ಜೆಫ್ರಿ ಆಗಲೇ ಕೋರ್ಟಿಗೆ ಹೊರಟಿರುತ್ತಾರೆ. ಮೊಬೈಲ್ ಬರುವ ಮೊದಲೂ ಪೊಲೀಸರು ಫೋಟೊ ತೋರಿಸುತ್ತಿರಲಿಲ್ಲವಾ, ಸ್ಟೇಷನ್ನಿನಲ್ಲಿ ಕಳ್ಳರ ಆಲ್ಬಮ್ ಇರುತ್ತಿತ್ತಲ್ಲ ಎಂದು ಸುಮ್ಮನೆ ಕೇಳಿದೆ. ಅವಳು ನನ್ನನ್ನು ಒಮ್ಮೆ ನೋಡಿ, ಹೊಸ ಪದಗಳನ್ನೆಲ್ಲ ಅಳಿಸಿ ಹಳೆಯದನ್ನು ಹಾಕಿದಳು. ಪರದೆ ತುಂಬಿತು. ಎಷ್ಟೋ ದಶಕಗಳಿಂದ ಜನ ಇದನ್ನೇ ಪರೀಕ್ಷೆ ಮಾಡಿದ್ದರು. ಮೊದಲು ಫೋಟೊ ತೋರಿಸಿ, ಆಮೇಲೆ ಸಾಲಿನಲ್ಲಿ ನಿಲ್ಲಿಸಿ. ಒಂದು ಲೇಖನ ತೆರೆದು, ಅದನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಹಿಡಿದುಕೊಂಡು ಇನ್ನೊಂದಕ್ಕೆ ಹೋದಳು. ಎರಡನ್ನು ಆರಿಸಿ, ಈ ಸಲ ಕೊನೆಯ ಸಾಲಿನವರೆಗೂ ಓದಿದಳು. ಓದುತ್ತಿದ್ದ ಹಾಗೆ ಅವಳ ಹುಬ್ಬು ಗಂಟಾಯಿತು.

ಇವುಗಳಲ್ಲಿ ಹತ್ತಕ್ಕೆ ಏಳು ಎಂಬುದು ಇಲ್ಲ ಎಂದಳು. ಫೋಟೊ ಮೊದಲೇ ನೋಡಿದರೆ ತಪ್ಪು ಹೆಚ್ಚುತ್ತದೆ, ಆ ಮುಖ ಕಂಡದ್ದು ಎಲ್ಲಿ ಎಂಬುದು ಕಲಸಿಹೋಗುತ್ತದೆ, ಅಷ್ಟೇ. ಎಲ್ಲರಿಗೂ ಹಾಗಾಗುತ್ತದೆ ಎಂದಿಲ್ಲ.

ಎರಡರ ಪ್ರತಿ ತೆಗೆದುಕೊಂಡು ಸ್ಕೂಟರಿನಲ್ಲಿ ಉಡುಪಿಗೆ ಹೊರಟೆವು. ನಿಜ ಹೇಳುತ್ತೇನೆ, ಇಂದ್ರಾಳಿ ಸೇತುವೆಯ ಹತ್ತಿರ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ನಿಂತಾಗ, ಹಿಂದೆ ಕೂತ ಜೆನಿಟಾಳಿಗೆ ‘ಆ ಏಳು ಹಾಗೇ ಇರಲಿ’ ಎಂದು ಹೇಳುವವಳಿದ್ದೆ. ಪುಟ ತಿರುವಿ ನೋಡುವವರು ಯಾರು? ಒಳಗಿರುವವನು ಬಡವ. ಅಷ್ಟರಲ್ಲಿ ಶರಣಮ್ಮನ ಫೋನು ಬಂತು, ತಾನು ಬಸ್ಸಿನಲ್ಲಿ ಕೋರ್ಟಿಗೆ ಮುಟ್ಟಿದೆ ಎಂದು. ಬರುತ್ತಿದ್ದೇವೆ ಎಂದೆ, ಆ ಏಳಿನ ಮಾತು ಹೇಳದೇ ಉಳಿಯಿತು.

ಕೋರ್ಟಿನ ಜಗಲಿಯಲ್ಲಿ ವಿಷಯ ಕೇಳಿ ಜೆಫ್ರಿ ಹೇಳಿದ್ದೂ ಅದನ್ನೇ. ಕೇಸು ಕರೆಯುವ ಹೊತ್ತಾಗಿದೆ, ಈಗ ಹಿಂದೆ ತೆಗೆದುಕೊಂಡರೆ ಜಡ್ಜ್ ಉಳಿದದ್ದನ್ನೂ ನಂಬುವುದಿಲ್ಲ ಎಂದು ಗದರಿದರು.

“ಅದು ಇಲ್ಲ ಸರ್” ಎಂದಳು ಜೆನಿಟಾ. “ನಾನು ನೋಡದೆ ಕೊಟ್ಟೆ. ಕಾನ್ಸೆಪ್ಟಾ ಆಂಟಿ ಮಾಡಿದ್ದೂ ಅದೇ ಅಲ್ವಾ? ನಾವೂ ಅದನ್ನೇ ಮಾಡಿ ಅವರದ್ದು ತಪ್ಪು ಎಂದು ಹೇಗೆ ಹೇಳುವುದು?”

ಜೆಫ್ರಿ ಫೈಲು ಬಿಚ್ಚಿದರು. ಪೆನ್ನು ತೆಗೆದು ಜಗಲಿಯ ಕಟ್ಟೆಯ ಮೇಲೆ ಕಾಗದವಿಟ್ಟು, ಆ ಭಾಗ ಕೈಬಿಡುತ್ತೇವೆ ಎಂದು ಬರೆದರು.

ಒಳಗೆ ಕಾನ್ಸೆಪ್ಟಾ ಬಾಯಿಯೂ ಇದ್ದರು, ಹಿಂದಿನ ಬೆಂಚಿನಲ್ಲಿ, ಬೆರಳಲ್ಲಿ ಜಪಮಣಿ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಶರಣಮ್ಮ. ಸರ್ಕಾರಿ ವಕೀಲರು ಎದ್ದವರೇ ಮೊದಲು ಎತ್ತಿಕೊಂಡದ್ದು ಆ ಲೇಖನವನ್ನು. ತಮ್ಮ ಕಚೇರಿಯವರು ಹುಡುಕಿದರೂ ಸಿಗಲಿಲ್ಲ, ಪ್ರತಿ ಕೊಡಲಿ ಎಂದರು. ಜಡ್ಜ್ ಕನ್ನಡಕದ ಮೇಲಿನಿಂದ ಜೆಫ್ರಿಯನ್ನು ನೋಡಿದರು.

ಜೆಫ್ರಿ ಎದ್ದು, ಅದು ನಿಜವಾದ ಲೇಖನವಲ್ಲ, ಪರೀಕ್ಷಿಸದೆ ಕೊಟ್ಟದ್ದು ನಮ್ಮ ತಪ್ಪು, ಹಿಂತೆಗೆದುಕೊಂಡಿದ್ದೇವೆ ಎಂದು ಕಾಗದ ಮುಂದಿಟ್ಟರು. ಜಡ್ಜ್ ಚೆನ್ನಾಗಿಯೇ ಬೈದರು. ಕೋರ್ಟಿನ ಮುಂದೆ ಇಲ್ಲದ್ದನ್ನು ಇಡುವುದು ಆಟವಲ್ಲ ಎಂದರು. ಶರಣಮ್ಮ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಜೆಫ್ರಿ ಬೈಗುಳ ಮುಗಿಯುವವರೆಗೆ ನಿಂತು, ಹೊಸ ಎರಡು ಲೇಖನಗಳ ಪೂರ್ತಿ ಪ್ರತಿ ಕೊಟ್ಟರು. ಇವು ಕರಿಬಸವ ನಿರಪರಾಧಿ ಎಂದು ಹೇಳುವುದಿಲ್ಲ, ಆ ಗುರುತನ್ನು ಪೂರ್ತಿ ನಂಬಬಾರದು ಎಂದಷ್ಟೇ ಹೇಳುತ್ತವೆ ಎಂದರು.

ಜಡ್ಜ್ ಗುರುತು ಹಾಕಿದ ಪುಟ ಓದಿದರು. ಆಮೇಲೆ ತನಿಖೆಯ ಅಧಿಕಾರಿಯನ್ನು ಕೇಳಿದರು: ಫೋಟೊ ಗ್ರೂಪಿಗೆ ಬಂದದ್ದು ಗುರುತು ಹಿಡಿಸುವ ಮೊದಲೋ, ಆಮೇಲೋ?

“ಮೊದಲು ಸ್ವಾಮಿ.”

“ಆಕೆ ನೋಡಿದ್ದರೋ?”

ಅಧಿಕಾರಿ ಕೇಳಿರಲಿಲ್ಲವಂತೆ. ಹಿಂದಿನ ಬೆಂಚಿನಿಂದ ಕಾನ್ಸೆಪ್ಟಾ ಬಾಯಿ, ಯಾರೂ ಕೇಳದೆಯೇ, “ದಿನಾ ನೋಡುತ್ತೇನೆ” ಎಂದರು. ಸುಮ್ಮನಿರಿ ಎಂದು ಪೇದೆ ಕೈಸನ್ನೆ ಮಾಡಿದ.

ಜಾಮೀನು ಸಿಕ್ಕಿತು. ಕಾಪುವಿಗೆ ಕಾಲಿಡಬಾರದು, ಕರೆದಾಗ ಬರಬೇಕು ಎಂಬ ಷರತ್ತು. ಕೇಸು ಇನ್ನೂ ಉಂಟು. ಹೊರಗೆ ಬಂದಾಗ ಜೆನಿಟಾ ಗೋಡೆಗೆ ಒರಗಿ ನಿಂತಿದ್ದಳು. ಕಾನ್ಸೆಪ್ಟಾ ಬಾಯಿ ಅವಳ ಹತ್ತಿರ ಬಂದು ಮೊಬೈಲ್ ಚಾಚಿದರು. ಪರದೆಯಲ್ಲಿ ಕರಿಬಸವ.

“ಇದನ್ನು ಅಳಿಸಿ ಕೊಡು ಮಗಾ.”

ಜೆನಿಟಾ ಕೈ ಹಿಂದೆ ಕಟ್ಟಿಕೊಂಡಳು. ಕೇಸಿಗೆ ಬೇಕಾಗುತ್ತದೆ, ಯಾರೂ ಮುಟ್ಟಬಾರದು, ನೀವು ನೋಡದಿದ್ದರೆ ಸಾಕು ಎಂದಳು.

“ಮತ್ತೆ ತೇರ್ಸಿಗೆ?”

“ಕಣ್ಣು ಮುಚ್ಚಿಕೊಳ್ಳಿ” ಎಂದೆ ನಾನು.

“ಮುಚ್ಚಿದರೂ ಇವನೇ ಅಲ್ಲವಾ, ಬರ್ತಾ. ಅಂದು ನೀರು ಕೇಳಿದವನ ಮುಖ ಎಷ್ಟು ಕರೆದರೂ ಬರುವುದಿಲ್ಲ.”

ಗೇಟಿನ ಹತ್ತಿರ ಶರಣಮ್ಮ, ಅಂಗಿಯ ಚೀಲವನ್ನು ಎದೆಗೆ ಒತ್ತಿಕೊಂಡು, ಜೈಲಿನ ಕಡೆ ಹೋಗುವ ಬಸ್ಸು ಯಾವುದೆಂದು ಒಬ್ಬರನ್ನು ಕೇಳಿ, ಸಾಲದೆಂದು ಇನ್ನೊಬ್ಬರನ್ನೂ ಕೇಳುತ್ತಿದ್ದಳು.